ತಂಬೂರಿ ಜೊತೆ ಹಾಡುವ ಮದರ್‌ಬೋರ್ಡ್

ನನ್ನ ಕಂಪ್ಯೂಟರಿನ ಅಗ್ಗದ ಮದರ್‌ಬೋರ್ಡಿನ ಹೆಸರು ಹೇಳುವುದಿಲ್ಲ, ಈ ದರದಲ್ಲಿ ಸಿಗುವ ಬಹುಪಾಲು ಬೋರ್ಡುಗಳದ್ದು ಹೆಚ್ಚುಕಮ್ಮಿ ಇದೇ ಕಥೆ. ಸ್ಲಾಟ್ ಎಷ್ಟು, ರ‍್ಯಾಮ್ ಯಾವುದು ಅನ್ನುವುದೆಲ್ಲ ಡಬ್ಬದ ಮೇಲೇ ಇರುತ್ತದೆ. ವಾರಂಟಿ ಮುಗಿಯುತ್ತಾ ಬಂತು, ಒಂದು ದಿನವೂ ಹ್ಯಾಂಗ್ ಆಗಿಲ್ಲ. ನನ್ನ ದೂರೆಲ್ಲ ಸೌಂಡಿನದು.

ಬೆಳಿಗ್ಗೆ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುವ ಹೊತ್ತಿಗೆ ಕಂಪ್ಯೂಟರ್ ಆನ್ ಮಾಡುತ್ತೇನೆ. ಲೋಟ ಮೇಜಿನ ಮೇಲಿಟ್ಟು, ಹೆಡ್‌ಫೋನ್ ಏರಿಸಿ, ಗಂಗೂಬಾಯಿ ಹಾನಗಲ್ಲರ ಒಂದು ರಾಗ ಪೂರ್ತಿ ಕೇಳಿದ ಮೇಲೆಯೇ ಆಫೀಸಿನ ಮೇಲ್ ತೆರೆಯುವುದು. ಕಿರಾಣಾ ಘರಾಣೆಯ ವಿಲಂಬಿತ ಅದು, ಒಂದು ಸ್ವರದ ಮೇಲೆ ನಿಂತರೆ ಹೊರಡುವ ಆತುರವೇ ಇಲ್ಲ. ನಡುವಿನ ಬಿಡುವಿನಲ್ಲಿ ತಂಬೂರಿ ಮಾತ್ರ ಕೇಳಬೇಕು. ನನಗೆ ಅದರ ಜೊತೆಗೆ ಇನ್ನೇನೋ ಕೇಳುತ್ತಿತ್ತು. ಮೌಸ್ ಅಲ್ಲಾಡಿಸಿದರೆ ಜಿರ್ರ್, ಪುಟ ಸ್ಕ್ರೋಲ್ ಮಾಡಿದರೆ ಕಿರ್ರ್. ಮಗ ಗೇಮ್ ಹಾಕಿಕೊಂಡರೆ ಗ್ರಾಫಿಕ್ಸ್ ಕಾರ್ಡಿನ ಕೆಲಸ ಏರಿದಂತೆ ಆ ಸದ್ದಿನ ಶ್ರುತಿಯೂ ಏರುತ್ತಿತ್ತು!

ಎಸ್‌ಪಿ ರೋಡಿನ ಅಂಗಡಿಯಲ್ಲಿ ಕೇಳಿದರೆ, "ಆನ್‌ಬೋರ್ಡ್ ಅಂದ್ರೆ ಹಂಗೇ ಸಾರ್, ಸೌಂಡ್ ಕಾರ್ಡ್ ಹಾಕ್ಸ್ಕೊಳ್ಳಿ" ಅಂದರು. ಇದನ್ನು ನಾನು ಒಪ್ಪುವುದಿಲ್ಲ. ಬೋರ್ಡಿನಲ್ಲೇ ಇರುವ ಸೌಂಡಿಗೆಂದು ಇಂಟೆಲ್ ತಂದ ಎಚ್‌ಡಿ ಆಡಿಯೊ ಮಾನದಂಡ ಬಂದದ್ದು 2004ರಲ್ಲಿ, ಆಗಲೇ ಅದರಲ್ಲಿ 192 ಕಿಲೋಹರ್ಟ್ಸ್‌ವರೆಗೆ ಅವಕಾಶವಿತ್ತು. ಸಿಡಿಗೆ ಬೇಕಾದದ್ದು 16 ಬಿಟ್, 44.1 ಕಿಲೋಹರ್ಟ್ಸ್. ಅಷ್ಟನ್ನು ಇವತ್ತಿನ ಅಗ್ಗದ ಚಿಪ್ಪೂ ಸಲೀಸಾಗಿ ನಿಭಾಯಿಸುತ್ತದೆ.

ಎಡವಟ್ಟು ಇರುವುದು ವೈರಿನಲ್ಲಿ. ಬೋರ್ಡಿನವರು ಆಡಿಯೊ ಭಾಗವನ್ನು ಒಂದು ಮೂಲೆಗೆ ಸರಿಸಿ, ಬೇರೆ ಸರ್ಕ್ಯೂಟುಗಳ ಗಲಾಟೆ ತಟ್ಟದಿರಲೆಂದು ಸುತ್ತ ಲಕ್ಷ್ಮಣರೇಖೆ ಎಳೆದಿರುತ್ತಾರೆ, ಕೆಲವರು ಅದಕ್ಕೆ ಲೈಟೂ ಹಾಕುತ್ತಾರೆ. ಆದರೆ ಕ್ಯಾಬಿನೆಟ್‌ನ ಮುಂದಿನ ಜ್ಯಾಕಿಗೆ ಹೋಗುವ ಸಣಕಲು ವೈರು ಕೆಳಗಿನ ಎಡಮೂಲೆಯಿಂದ ಹೊರಟು, ರೇಖೆ ದಾಟಿ, ಗ್ರಾಫಿಕ್ಸ್ ಕಾರ್ಡಿನ ಹೊಟ್ಟೆಯಡಿ ತೂರಿಕೊಂಡು ಮುಂದೆ ಬರುತ್ತದೆ. ನನ್ನ ಕ್ಯಾಬಿನೆಟ್ಟಿನಲ್ಲಿ ಅದಕ್ಕೆ ಗಲಾಟೆ ತಡೆಯುವ ಲೋಹದ ಹೊದಿಕೆ, ಅಂದರೆ ಶೀಲ್ಡಿಂಗೇ ಇಲ್ಲ. ಗಾಜಿನ ಬಾಗಿಲಿಗೆ, ಬಣ್ಣದ ಫ್ಯಾನಿಗೆ ದುಡ್ಡು ಸುರಿದವರು ಇಲ್ಲಿ ಉಳಿಸಿದ್ದಾರೆ.

ಅದೇ ಹೆಡ್‌ಫೋನನ್ನು ಹಿಂದಿನ ಹಸಿರು ಜ್ಯಾಕಿಗೆ ಚುಚ್ಚಿ ನೋಡಿ. ನನ್ನಲ್ಲಿ ಜಿರ್ರ್ ಅಲ್ಲೇ ನಿಂತಿತು. ಉಳಿದಿದ್ದ ತೆಳು ಸುಯ್ ಸದ್ದು, ವಿಂಡೋಸ್‌ನಲ್ಲಿ ಸ್ಪೀಕರಿನ ಲೆವೆಲ್ಸ್‌ಗೆ ಹೋಗಿ ಮೈಕ್, ಲೈನ್-ಇನ್ ಎರಡನ್ನೂ ಮ್ಯೂಟ್ ಮಾಡಿದಾಗ ಇನ್ನಷ್ಟು ಇಳಿಯಿತು. ಲೌಡ್‌ನೆಸ್ ಈಕ್ವಲೈಸೇಷನ್ ಆನ್ ಇದ್ದರೆ ಆಫ್ ಮಾಡಿ. ಮೆಲುದನಿಯನ್ನು ಎತ್ತಿ ಕೊಡುವುದೇ ಅದರ ಕೆಲಸ, ಜೊತೆಗೆ ಈ ಸದ್ದನ್ನೂ ಎತ್ತುತ್ತದೆ. ಮುಂದಿನ ಜ್ಯಾಕೇ ಬೇಕೆನ್ನುವವರು ಆ ವೈರನ್ನು ಬೋರ್ಡಿನ ಹಿಂಬದಿಯ ತಗಡಿನ ಆಚೆಯಿಂದ ಸುತ್ತಿ ತರಬಹುದು. ಪೂರ್ತಿ ಹೋಗುವುದಿಲ್ಲ, ತಡೆದುಕೊಳ್ಳುವಷ್ಟಾಗುತ್ತದೆ.

ಹಿಂದಿನ ಜ್ಯಾಕಿನಲ್ಲಿ ಕೇಳಿದ ಮೇಲೆ ಬೋರ್ಡಿನ ಮೇಲಿದ್ದ ಸಿಟ್ಟು ಅರ್ಧ ಇಳಿದಿದೆ. ತಂಬೂರಿ ಮೀಟುವ ಬೆರಳಿನ ಒರಸು ಕೂಡ ಕೇಳುತ್ತದೆ, ಇಷ್ಟು ಅಗ್ಗದ ಬೋರ್ಡಿನಿಂದ ನಾನು ನಿರೀಕ್ಷಿಸಿರಲಿಲ್ಲ. ಈಗ ಒಂದು ಎಕ್ಸ್‌ಟೆನ್ಷನ್ ವೈರು ಹಿಂದಿನಿಂದ ಮೇಜಿನ ಅಂಚಿಗೆ ಬಂದು ಕೂತಿದೆ. ಮನೆಯವರಿಗೆ ಅದು ಕಸ ಗುಡಿಸುವಾಗ ಅಡ್ಡ, ಅದಿನ್ನೂ ಬಗೆಹರಿದಿಲ್ಲ.

ಸ್ಪೀಕರಿನ ಗುಂಯ್ ಬೇರೆ ವ್ಯಾಧಿ. ಕರೆಂಟಿನ 50 ಹರ್ಟ್ಸ್ ತನ್ನದೇ ಶ್ರುತಿ ಹಿಡಿದರೆ ಯಾವ ತಂಬೂರಿಗೂ ಕೂಡುವುದಿಲ್ಲ. ಕಂಪ್ಯೂಟರ್ ಒಂದು ಗೋಡೆಯ ಪ್ಲಗ್ಗಿನಲ್ಲಿ, ಸ್ಪೀಕರ್ ಇನ್ನೊಂದರಲ್ಲಿ ಇದ್ದರೆ ಎರಡು ದಾರಿಯ ಅರ್ಥ್ ಸೇರಿ ಲೂಪ್ ಆಗಬಹುದು, ಆ ಗುಂಯ್ ಬರುವುದು ಅದರಿಂದ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದ್ದೇ ನನ್ನಲ್ಲಿ ಸದ್ದು ಅಡಗಿತು. ಅರ್ಥ್ ಪಿನ್ ಕಿತ್ತುಬಿಡಿ ಎನ್ನುವವರ ಮಾತು ಮಾತ್ರ ಕೇಳಬೇಡಿ, ಶಾಕ್ ಹೊಡೆದೀತು. ಆಪ್ಟಿಕಲ್ ಪೋರ್ಟ್ ಇದ್ದವರು ಪುಣ್ಯವಂತರು: ಅದರಲ್ಲಿ ಹರಿಯುವುದು ಬೆಳಕು, ಲೂಪಿಗೆ ತಾಮ್ರದ ದಾರಿಯೇ ಇಲ್ಲ. ಯುಎಸ್‌ಬಿ ಡ್ಯಾಕ್ (ಕಂಪ್ಯೂಟರಿನ ಅಂಕಿಗಳನ್ನು ಹೊರಗೇ ಸದ್ದಾಗಿಸುವ ಸಣ್ಣ ಪೆಟ್ಟಿಗೆ) ಹೆಡ್‌ಫೋನಿಗೆ ಒಳ್ಳೆಯದು, ಆದರೆ ಯುಎಸ್‌ಬಿ ವೈರಿನಲ್ಲೂ ಗ್ರೌಂಡ್ ಇರುವುದರಿಂದ ಈ ಗುಂಯ್ ಅದರಿಂದ ಹೋಗುತ್ತದೆಂಬ ಖಾತರಿಯಿಲ್ಲ. ನಾನಂತೂ ಕೊಳ್ಳಲಿಲ್ಲ.

ಮಗ ಈಗಲೂ ಮುಂದಿನ ಜ್ಯಾಕಿಗೇ ಚುಚ್ಚುತ್ತಾನೆ. "ಗುಂಡು ಹಾರಿಸೋವಾಗ ಯಾರಿಗ್ ಕೇಳ್ಸತ್ತಪ್ಪಾ" ಅನ್ನುತ್ತಾನೆ. ಬೋರ್ಡಿಗೆ ಐದಕ್ಕೆ ನಾಲ್ಕು, ಕ್ಯಾಬಿನೆಟ್ಟಿಗೆ ಎರಡು.