11 ವರ್ಷದ ಮಿಕ್ಸಿ: ಮೋಟಾರಿಗೂ ಮೊದಲು ಜಾರು ನೋಡಿ

750 ವ್ಯಾಟಿನ, ಮೂರು ಜಾರಿನ ಮಾಮೂಲಿ ಮಿಕ್ಸಿ. ಮುಂಬಯಿ ಹತ್ತಿರದ ಡೊಂಬಿವಲಿಯ ಅಡುಗೆಮನೆಯಲ್ಲಿ 11 ವರ್ಷದಿಂದ ದಿನಾ ತೆಂಗಿನಕಾಯಿ, ವಾರಕ್ಕೆರಡು ಸಲ ದೋಸೆ ಹಿಟ್ಟು, ಮೀನು ತಂದ ದಿನ ಬ್ಯಾಡಗಿ ಮೆಣಸಿನ ಮಸಾಲೆ ಅರೆದಿದೆ. ಮೋಟಾರು ಹಳೆಯದೇ. ಬದಲಾದದ್ದು 3 ಕಪ್ಲರ್ (ಮೋಟಾರಿನ ತಿರುಗು ಜಾರಿಗೆ ದಾಟಿಸುವ ಹಲ್ಲಿನ ಬಿಲ್ಲೆ), 1 ಜೊತೆ ಕಾರ್ಬನ್ ಬ್ರಷ್ (ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ತುಂಡು), 2 ಸಲ ಜಾರಿನ ಬುಶ್.

ಮಿಕ್ಸಿ ಸಾಯುವುದು ಹೆಚ್ಚಾಗಿ ಜಾರಿನಿಂದ. ಬ್ಲೇಡಿನ ದಂಡ ತಿರುಗುವ ಬುಶ್ ಸವೆದರೆ ದಂಡ ಅಲ್ಲಾಡುತ್ತದೆ, ಸೀಲ್ ಬಿಟ್ಟುಕೊಳ್ಳುತ್ತದೆ, ಜಾರಿನಡಿ ಕಪ್ಪು ನೀರು ಜಿನುಗುತ್ತದೆ. ಅದನ್ನು ಒರೆಸಿ ಸುಮ್ಮನಾಗುವವರೇ ಜಾಸ್ತಿ. ಆದರೆ ಆ ನೀರು ಕಪ್ಲರ್ ಸುತ್ತ ಇಳಿದು ಮೋಟಾರಿನ ಮೇಲಿನ ಬೇರಿಂಗಿಗೆ ತುಕ್ಕು ಹಿಡಿಸುತ್ತದೆ; ಆಮೇಲೆ ಕರ್ಕಶ ಸದ್ದು, ಬಿಸಿ, ಸುಟ್ಟ ವಾಸನೆ. ಬ್ಲೇಡು ಪಕ್ಕಕ್ಕೆ ಅಲ್ಲಾಡಿದರೆ ಬುಶ್, ದಂಡ, ಸೀಲ್ ಮೂರನ್ನೂ ಒಟ್ಟಿಗೇ ಹಾಕಿಸಿ. ಸವೆದ ದಂಡಕ್ಕೆ ಹೊಸ ಬುಶ್ ಹಾಕಿದರೆ ಅದೂ ಬೇಗ ಹೋಗುತ್ತದೆ. ಮುಂಬಯಿ ಮಳೆಗಾಲದಲ್ಲಿ ಜಾರು ತೊಳೆದು ಬೋರಲು ಹಾಕದಿದ್ದರೆ ದಂಡ ಬಿಗಿದುಕೊಳ್ಳುವುದೂ ಉಂಟು. ಅಡುಗೆ ಎಣ್ಣೆ ಬಿಡಬೇಡಿ, ನಾಲ್ಕು ದಿನದಲ್ಲಿ ಅಂಟಾಗುತ್ತದೆ.

ಮೋಟಾರು ಓಡುತ್ತಿದೆ, ಬ್ಲೇಡು ನಿಂತಿದೆ, ಸುತ್ತ ಕಪ್ಪು ಪುಡಿ ಉದುರಿದೆ ಎಂದರೆ ಕಪ್ಲರ್ ಹಲ್ಲು ಸವೆದಿದೆ. ಇದನ್ನು ಮನೆಯಲ್ಲೇ ಹಾಕಬಹುದು. ಪ್ಲಗ್ ಕಿತ್ತು, ತಳದ ಸ್ಕ್ರೂ ತೆಗೆದು, ಮೋಟಾರು ದಂಡದ ಕೆಳತುದಿಯ ಸೀಳಿಗೆ ಸ್ಕ್ರೂಡ್ರೈವರ್ ಕೊಟ್ಟು ಹಿಡಿಯಿರಿ. ಮೇಲಿನ ಕಪ್ಲರನ್ನು ಮೋಟಾರು ತಿರುಗುವ ದಿಕ್ಕಿಗೇ ತಿರುಗಿಸಿದರೆ ಬಿಚ್ಚುತ್ತದೆ. ಓಡುವಾಗ ಬೀಳುವ ಹೊರೆ ಅದನ್ನು ಎದುರು ದಿಕ್ಕಿಗೆ ಬಿಗಿಯುತ್ತಿರುತ್ತದೆ. ಇಲ್ಲಿ ಎಡವಿ ಬಲ ಹಾಕಿದವರು ನೈಲಾನ್ ಒಡೆದುಕೊಂಡಿದ್ದಾರೆ. ಅಂಗಡಿಗೆ ಹಳೆಯದನ್ನೇ ಒಯ್ಯಿರಿ, ಹಲ್ಲಿನ ಲೆಕ್ಕ, ಮರೆ (ಥ್ರೆಡ್), ಎತ್ತರ ಮೂರೂ ಹೊಂದಬೇಕು. ಹೊಸದು ಕೂತ ಮೇಲೆ ಆ ಗಡಗಡ ಅಡಗಿ ಒಂದೇ ಸಮನೆ ಬರುವ ಸದ್ದಿದೆಯಲ್ಲ, ಹೊಸ ಮಿಕ್ಸಿ ತಂದರೂ ಅಷ್ಟು ಖುಷಿಯಾಗದು.

ಗಾಳಿಕಂಡಿಯಲ್ಲಿ ಜೋರು ಕಿಡಿ, ತಟ್ಟಿದರೆ ಓಡುವುದು: ಕಾರ್ಬನ್ ಬ್ರಷ್ ಮುಗಿದಿದೆ. ಎರಡನ್ನೂ ಒಟ್ಟಿಗೆ ಬದಲಿಸಿ. ಹೊಸ ಬ್ರಷ್ ಗೂಡಿನಲ್ಲಿ ಸಲೀಸಾಗಿ ಜಾರಬೇಕು. ಅದು ಉಜ್ಜುವ ತಾಮ್ರದ ಉರುಳೆ ಕಪ್ಪಾಗಿದ್ದರೆ ನಯವಾದ ಮರಳು ಕಾಗದ ಸಾಕು, ಎಮರಿ ಬೇಡ, ಅದರ ಪುಡಿ ತಾಮ್ರದ ಪಟ್ಟಿಗಳ ನಡುವೆ ಕೂತು ಶಾರ್ಟ್ ಆಗಬಹುದು. ಜಾರಿಲ್ಲದೆ ಒಂದನೇ ಸ್ಪೀಡಿನಲ್ಲಿ ಸ್ವಲ್ಪ ಹೊತ್ತು ಓಡಿಸಿದರೆ ಕೂರುತ್ತದೆ. ವೈಂಡಿಂಗ್ (ಮೋಟಾರಿನ ತಂತಿ ಸುತ್ತು) ಸುಟ್ಟಿದ್ದರೆ ಮಾತ್ರ ಮೆಕ್ಯಾನಿಕ್ ಕೈಗೆ ಕೊಡಿ.

ಹೊರೆ ಹೆಚ್ಚಾದರೆ ಕರೆಂಟು ಕಡಿಯುವ ತಳದ ಕೆಂಪು ಬಟನ್ ಮತ್ತೆ ಮತ್ತೆ ಹಾರುತ್ತಿದ್ದರೆ ಒತ್ತುತ್ತಾ ಕೂರಬೇಡಿ. ತಣಿಯಲು ಬಿಟ್ಟು, ಪ್ಲಗ್ ತೆಗೆದು, ಜಾರಿನಡಿಯ ಕಪ್ಲರನ್ನು ಕೈಯಲ್ಲೇ ತಿರುಗಿಸಿ ನೋಡಿ. ಸರಾಗ ತಿರುಗಿದರೆ ತಪ್ಪು ಹೆಚ್ಚಾಗಿ, ತೆಂಗಿನಕಾಯಿಗೆ ನೀರು ಜಿಪುಣತನದಿಂದ ಹಾಕಿದವರದ್ದು.

ಬಿಡಿಭಾಗಗಳು ಡೊಂಬಿವಲಿಯಲ್ಲೇ ಸಿಗುತ್ತವೆ. ಹೆಸರಿಲ್ಲದ ಮಾಡೆಲ್ಲಾದರೆ ಮುಂಬಯಿಯ ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ಲೋಹಾರ್ ಚಾಳ್ ಸುತ್ತಬೇಕಾದೀತು.

ಈ ಮಿಕ್ಸಿಗೆ 5ಕ್ಕೆ 4 ಅಂಕ. ಒಂದು ಕಳೆದದ್ದು ಜಾರು ಕೂರುವ ತಟ್ಟೆಯ ನೀರು ಹೊರಹೋಗುವ ತೂತಿಗೆ: ತೀರಾ ಸಣ್ಣದು, ಹಿಟ್ಟು ಒಣಗಿ ಕಟ್ಟಿಕೊಳ್ಳುತ್ತದೆ, ಸೋರಿದ ನೀರು ಮೋಟಾರಿನ ಕಡೆಗೇ ತಿರುಗುತ್ತದೆ. ವಾರಕ್ಕೊಮ್ಮೆ ಹಿಡಿಸೂಡಿ ಕಡ್ಡಿ ತೂರಿಸಬೇಕು.