ಚಾಟ್‌ನಲ್ಲಿ ಔಷಧಿ ಬರೆದದ್ದು ಡಾಕ್ಟರೇ ಅಲ್ಲ! ದಯವಿಟ್ಟು ಹುಷಾರಾಗಿರಿ

ರಾತ್ರಿ ಹೊತ್ತು ಆ್ಯಪ್‌ನಲ್ಲಿ ಡಾಕ್ಟರನ್ನು ಕೇಳುವವರು ಇದನ್ನು ಪೂರ್ತಿ ಓದಿ. ಬರೆಯಲು ನಾಚಿಕೆಯಾಗುತ್ತಿದೆ. ಆದರೂ ಬರೆಯುತ್ತಿದ್ದೇನೆ.

ಹೋದ ತಿಂಗಳು ಅಮ್ಮನಿಗೆ ಉರಿಮೂತ್ರ ಶುರುವಾಯಿತು. ರಾತ್ರಿ ಹನ್ನೊಂದು ಗಂಟೆ. "24 ಗಂಟೆಯೂ ತಜ್ಞ ವೈದ್ಯರು" ಎನ್ನುವ ಆ್ಯಪ್‌ಗೆ 399 ರೂಪಾಯಿ ಕಟ್ಟಿದೆ. ಬಿಳಿ ಕೋಟಿನ ಫೋಟೊ, ಪಕ್ಕದಲ್ಲಿ ಹೆಸರು, ಅಚ್ಚ ಕನ್ನಡದಲ್ಲಿ ಮಾತು. "ಅಮ್ಮನಿಗೆ ಜ್ವರ ಇದೆಯಾ? ಎಷ್ಟು ದಿನದಿಂದ?" ಮನೆಯವರ ಹಾಗೆ ವಿಚಾರಿಸಿದಾಗ ನನಗೆ ಎಷ್ಟು ಸಮಾಧಾನ ಆಯಿತು ಗೊತ್ತಾ! "ಸಲ್ಫಾ ಮಾತ್ರೆ ಆಗಿಬರಲ್ಲ, ಮೈಯೆಲ್ಲ ದದ್ದು ಏಳುತ್ತೆ" ಎಂದು ನಾನೇ ಟೈಪ್ ಮಾಡಿದೆ. "ಗಮನಿಸಿದ್ದೇನೆ" ಎಂದು ಉತ್ತರವೂ ಬಂತು. ಎರಡೇ ನಿಮಿಷದಲ್ಲಿ ಚೀಟಿ.

ಬೆಳಿಗ್ಗೆ ಮೆಡಿಕಲ್ ಶಾಪಿನವರು ಅದನ್ನು ಎರಡು ಸಲ ನೋಡಿದರು. "ಇದು ಕೋಟ್ರೈಮಾಕ್ಸಜೋಲ್, ಸಲ್ಫಾನೇ ಅಲ್ವಾ ಸಾರ್? ನಿಮ್ಮಮ್ಮನಿಗೆ ಆಗಲ್ಲ ಅಂದಿದ್ರಲ್ಲ? ಡಾಕ್ಟರ್ ರಿಜಿಸ್ಟ್ರೇಷನ್ ನಂಬರೂ ಇಲ್ಲ."

ಅಂಗಡಿ ಮುಂದೆ ನಿಂತೇ ಚಾಟ್ ತೆಗೆದೆ. "ಡಾಕ್ಟ್ರೇ, ನೀವು ಯಾವ ಊರಿನವರು?" ರೆಪ್ಪೆ ಮಿಟುಕಿಸುವಷ್ಟರಲ್ಲಿ ಉತ್ತರ: "ನಿಮ್ಮ ಆರೋಗ್ಯದ ಪ್ರಶ್ನೆಗಳಿಗೆ ಮಾತ್ರ ನಾನು ಸಹಾಯ ಮಾಡಬಲ್ಲೆ." ಇನ್ನೊಮ್ಮೆ ಕೇಳಿದೆ. ಅದೇ ವಾಕ್ಯ, ಒಂದಕ್ಷರ ಆಚೀಚೆ ಇಲ್ಲ. ಕೈ ನಡುಗಿತು. ರಾತ್ರಿ ನಾನು ಅಮ್ಮನ ಕಷ್ಟ ಹೇಳಿಕೊಂಡಿದ್ದು ಮಷೀನ್ ಹತ್ತಿರ. ಆ ಮಾತ್ರೆಯನ್ನು ನುಂಗಿಸಿಬಿಡುತ್ತಿದ್ದೆ!

ಕಸ್ಟಮರ್ ಕೇರ್‌ನವರು ಹೇಳಿದ್ದು: "ಸಾರ್, ಅದು ಎಐ ಅಸಿಸ್ಟೆಂಟ್. ಸಲಹೆಗೆ ಕಂಪನಿ ಹೊಣೆಯಲ್ಲ ಅಂತ ನೀವೇ ಟಿಕ್ ಮಾಡಿದ್ದೀರಿ." ಹಾಗಾದರೆ ಡಾಕ್ಟರ್ ಫೋಟೊ ಯಾಕೆ ಹಾಕಿದ್ದೀರಿ ಎಂದೆ. "ನಮ್ಮದು ಪ್ಲಾಟ್‌ಫಾರ್ಮ್ ಮಾತ್ರ ಸಾರ್." ಏನು ಕೇಳಿದರೂ ಪ್ಲಾಟ್‌ಫಾರ್ಮ್, ಪ್ಲಾಟ್‌ಫಾರ್ಮ್.

ಟಿಕ್ ಮಾಡಿಸಿಕೊಂಡರೆ ಮುಗಿಯಿತಾ? 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ (ಅಂದರೆ ಫೋನ್, ಚಾಟ್, ವಿಡಿಯೊದಲ್ಲೇ ಡಾಕ್ಟರ್ ನೋಡುವುದು) ಮಾರ್ಗಸೂಚಿ ಇದೆ. ಎಐ ವೇದಿಕೆಗಳು ರೋಗಿಗೆ ಸಲಹೆ ಕೊಡುವಂತಿಲ್ಲ, ಔಷಧಿ ಬರೆಯುವಂತಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿದೆ. ಡಾಕ್ಟರಿಗೆ ಸಹಾಯ ಮಾಡಬಹುದು, ಅಷ್ಟೇ. ಚೀಟಿಯಲ್ಲಿ ಡಾಕ್ಟರ ನೋಂದಣಿ ಸಂಖ್ಯೆ ಇರಲೇಬೇಕು. ಮೊದಲ ಸಲ ಬರೀ ಚಾಟ್‌ನಲ್ಲಿ ಮಾತಾಡಿ ಇಂಥ ಆಂಟಿಬಯೋಟಿಕ್ ಬರೆಯಲು ನಿಜವಾದ ಡಾಕ್ಟರಿಗೂ ಅವಕಾಶವಿಲ್ಲ, ವಿಡಿಯೊದಲ್ಲಿ ನೋಡಬೇಕು. ಇದೆಲ್ಲ ನನಗೆ ಗೊತ್ತಾಗಿದ್ದು ಆಮೇಲೆ.

ಸಂಜೆ ನೋಡಿದರೆ ಆ್ಯಪ್‌ನಲ್ಲಿ ಚಾಟೇ ಮಾಯ! ಪುಣ್ಯಕ್ಕೆ ಅಂಗಡಿ ಮುಂದೆಯೇ ಸ್ಕ್ರೀನ್‌ಶಾಟ್ ತೆಗೆದಿದ್ದೆ.

ದುಡ್ಡು ಕಟ್ಟುವ ಮೊದಲೇ ಡಾಕ್ಟರ ರಿಜಿಸ್ಟ್ರೇಷನ್ ನಂಬರ್ ಕೇಳಿ. ವಿಡಿಯೊದಲ್ಲಿ ಮುಖ ತೋರಿಸದವರ ಚೀಟಿಯನ್ನು ಹರಿದು ಬಿಸಾಡಿ. ಎಲ್ಲದಕ್ಕೂ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಎಲ್ಲದಕ್ಕೂ. ಮೋಸ ಹೋದರೆ 1915ಕ್ಕೆ ಫೋನ್ ಮಾಡಿ, ಅದು ಗ್ರಾಹಕರ ಸಹಾಯವಾಣಿ. ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ಗ್ರಾಹಕ ಆಯೋಗದಲ್ಲಿ ದೂರಿಗೆ ಶುಲ್ಕವೂ ಇಲ್ಲ.

ನಾನು 1915ಕ್ಕೆ ದೂರು ಕೊಟ್ಟ ಮೇಲೆ ಆ್ಯಪ್‌ನವರೇ ಫೋನ್ ಮಾಡಿದರು. 399 ವಾಪಸ್ ಕೊಡ್ತೀವಿ, ಕಂಪ್ಲೇಂಟ್ ಹಿಂದಕ್ಕೆ ತಗೊಳ್ಳಿ ಅಂದರು. ತಗೊಳ್ಳಲ್ಲ ಅಂದೆ. ಅಮ್ಮನನ್ನು ನಮ್ಮ ಬೀದಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ, ಈಗ ವಾಸಿಯಾಗಿದೆ. ಗ್ರಾಹಕ ಆಯೋಗಕ್ಕೆ ಕೊಡುವ ದೂರನ್ನು ಈ ವಾರ ಬರೆಯುತ್ತಿದ್ದೇನೆ.