ಹಳೆಯ ಪಿ.ಎಫ್. ಬಿಡಿಸಿಕೊಡುತ್ತೇವೆ ಎಂದು ಬರುವವರಿಂದ ಪಿಂಚಣಿಯನ್ನು ಉಳಿಸಿಕೊಳ್ಳಿ

ಇಪ್ಪತ್ತು ಇಪ್ಪತ್ತೈದು ವರ್ಷಗಳ ಹಿಂದೆ ಕಾರ್ಖಾನೆಯಲ್ಲಿ ದುಡಿದು, ಆಮೇಲೆ ಬೇರೆ ಕಸುಬು ಹಿಡಿದು, ಅಲ್ಲಿನ ಪಿ.ಎಫ್. ಖಾತೆಯನ್ನು ಮರೆತೇಬಿಟ್ಟವರು ತುಮಕೂರಿನ ಸುತ್ತಮುತ್ತ ಬಹಳ ಮಂದಿ ಇದ್ದಾರೆ. ಅಂಥವರನ್ನು ಹುಡುಕಿಕೊಂಡು ಮನೆ ಬಾಗಿಲಿಗೆ ಬಂದು, "ಹಣ ಕೈಗೆ ಬಂದ ಮೇಲೆ ಕಮಿಷನ್ ಕೊಟ್ಟರೆ ಸಾಕು" ಎನ್ನುವ ಏಜೆಂಟರಿದ್ದಾರೆ. ಅಂಥವರಲ್ಲೊಬ್ಬರಿಂದ ನಮ್ಮ ಮನೆಗೆ ಆದ ನಷ್ಟವನ್ನು ಇಲ್ಲಿ ಬರೆಯುತ್ತಿದ್ದೇನೆ. ಕಮಿಷನ್ ಹೋದದ್ದು ದೊಡ್ಡದಲ್ಲ, ಜೀವಮಾನವಿಡೀ ಬರಬೇಕಾಗಿದ್ದ ಪಿಂಚಣಿಯೇ ಹೋಯಿತು.

ನಮ್ಮ ಯಜಮಾನರು 1998ರಿಂದ 2005ರವರೆಗೆ ಹಿರೇಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದರು. ಅದು ಬಾಗಿಲು ಹಾಕಿದ ಮೇಲೆ ಪೀಣ್ಯಕ್ಕೆ ಓಡಾಡಿಕೊಂಡು ನಾಲ್ಕು ವರ್ಷ ದುಡಿದರು. 2009ರಲ್ಲಿ ಕೆಲಸ ಬಿಟ್ಟು ಊರಿನ ತೋಟ ನೋಡಿಕೊಳ್ಳತೊಡಗಿದರು. ಒಬ್ಬ ನೌಕರನ ಎಲ್ಲ ಖಾತೆಗಳನ್ನೂ ಒಂದಕ್ಕೊಂದು ಜೋಡಿಸುವ ಯುಎಎನ್ ಸಂಖ್ಯೆ ಬಂದದ್ದು 2014ರಲ್ಲಿ. ಹಾಗಾಗಿ ಅವರ ಎರಡು ಕಡೆಯ ಪಿ.ಎಫ್. ಖಾತೆಗಳೂ ಬೇರೆಬೇರೆಯಾಗಿಯೇ ಉಳಿದಿದ್ದವು. ಎರಡರ ವಾರ್ಷಿಕ ಚೀಟಿಗಳನ್ನೂ ಅವರು ಜೋಪಾನವಾಗಿ ಇಟ್ಟಿದ್ದರು, ಎರಡನ್ನೂ ಏಜೆಂಟನ ಮುಂದೆಯೇ ಇಟ್ಟರು. ಆತ ಹಿರೇಹಳ್ಳಿಯ ಚೀಟಿಯನ್ನು ಮಾತ್ರ ಎತ್ತಿಕೊಂಡು, ಪೀಣ್ಯದ್ದನ್ನು ಆಮೇಲೆ ನೋಡೋಣ ಎಂದ.

ಅರ್ಜಿಗೆ ರುಜು, ಆಧಾರ್ ಮತ್ತು ಪಾಸ್‌ಬುಕ್‌ಗಳ ಜೆರಾಕ್ಸ್, ಒಂದು ರದ್ದು ಮಾಡಿದ ಚೆಕ್ಕು, ಇಷ್ಟನ್ನು ಆತ ತೆಗೆದುಕೊಂಡು ಹೋದ. ಮುಂದೆ ಹಣ ಖಾತೆಗೆ ಜಮೆಯಾಯಿತು, ಆತ ಮೂರರಲ್ಲಿ ಒಂದು ಪಾಲು ವಸೂಲಿ ಮಾಡಿಕೊಂಡ. ಆ ಅರ್ಜಿಯಲ್ಲಿ ಏನು ಬರೆದಿತ್ತೆಂಬುದು ನಮಗೆ ತಿಳಿದದ್ದು ಮಾಹಿತಿ ಹಕ್ಕಿನಡಿ ಅದರ ನಕಲು ತರಿಸಿಕೊಂಡಾಗ. ರುಜು ನೀಲಿ ಶಾಯಿಯಲ್ಲಿ ಯಜಮಾನರದು, ಮೇಲಿನ ಬರಹವೆಲ್ಲ ಇನ್ನೊಬ್ಬರ ಕೈಯದು. ಪಿ.ಎಫ್. ಅಂತಿಮ ಪಾವತಿಯ ಖಾನೆಗೂ ಗುರುತು ಹಾಕಲಾಗಿತ್ತು, ಅದರ ಪಕ್ಕದ ಪಿಂಚಣಿ ಹಣ ಹಿಂಪಡೆಯುವ ಖಾನೆಗೂ ಹಾಕಲಾಗಿತ್ತು. ಅನಾಹುತ ಆದದ್ದು ಆ ಎರಡನೆಯ ಗುರುತಿನಿಂದ.

1995ರ ನವೆಂಬರ್ 16ರಂದು ಜಾರಿಗೆ ಬಂದ ನೌಕರರ ಪಿಂಚಣಿ ಯೋಜನೆಯಲ್ಲಿ, ಮಾಲೀಕರು ಕಟ್ಟುವ ಪಾಲಿನಲ್ಲಿ ಸಂಬಳದ ಶೇಕಡಾ 8.33ರಷ್ಟು ಪಿಂಚಣಿ ನಿಧಿಗೆ ಹೋಗುತ್ತದೆ. ಒಟ್ಟು ಸೇವೆ ಹತ್ತು ವರ್ಷ ತುಂಬಿದ್ದರೆ 58ನೇ ವಯಸ್ಸಿನಿಂದ ತಿಂಗಳ ಪಿಂಚಣಿಗೆ ಹಕ್ಕಿರುತ್ತದೆ. ಈ ಹತ್ತು ವರ್ಷ ಒಂದೇ ಕಾರ್ಖಾನೆಯಲ್ಲಿ ಆಗಿರಬೇಕಾಗಿಲ್ಲ. ಹಳೆಯ ಖಾತೆಯನ್ನು ಹೊಸದಕ್ಕೆ ವರ್ಗಾಯಿಸಿಕೊಂಡರೆ ಎರಡೂ ಕಡೆಯ ಸೇವೆ ಕೂಡುತ್ತದೆ. ನಮ್ಮವರದು ಏಳೂ ನಾಲ್ಕೂ ಸೇರಿ ಹನ್ನೊಂದು ವರ್ಷ. ಪಿಂಚಣಿಗೆ ಗಣಿಸುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವುದು ಅದರ ಲೆಕ್ಕ. ಆಗಿನ ಮಿತಿಯಾದ 6,500 ರೂಪಾಯಿಯ ಮೇಲೆ ತಿಂಗಳಿಗೆ ಸುಮಾರು 1,020 ರೂಪಾಯಿ ಆಗುತ್ತಿತ್ತು. ಸಣ್ಣ ಮೊತ್ತವೆಂದು ಯಾರೂ ತಳ್ಳಿಹಾಕಬಾರದು. ಅದು ಅವರು ಬದುಕಿರುವವರೆಗೂ ಬರುವ ಹಣ, ಅವರ ನಂತರ ಹೆಂಡತಿಗೂ ಕುಟುಂಬ ಪಿಂಚಣಿಯಾಗಿ ಮುಂದುವರಿಯುವ ಹಣ. ನನ್ನಂಥ, ಸ್ವಂತ ಸಂಪಾದನೆಯಿಲ್ಲದ ಹೆಂಗಸಿಗೆ ಅದರ ಬೆಲೆ ಏನೆಂದು ನನಗೆ ಗೊತ್ತು.

ಏಳು ವರ್ಷದ ಪಿಂಚಣಿ ಹಣವನ್ನು ಇಡಿಗಂಟಾಗಿ ತೆಗೆದದ್ದರಿಂದ ಆ ಏಳು ವರ್ಷವೂ ಲೆಕ್ಕದಿಂದ ಹೊರಬಿತ್ತು. ಉಳಿದ ನಾಲ್ಕು ವರ್ಷಕ್ಕೆ ಪಿಂಚಣಿ ಇಲ್ಲ. ಭವಿಷ್ಯ ನಿಧಿ ಕಚೇರಿಯಲ್ಲಿ ನಮಗೆ ಇದನ್ನು ವಿವರಿಸಿದ ಸಿಬ್ಬಂದಿಯೇ, ವರ್ಗಾವಣೆಗೆ ಅರ್ಜಿ ಹಾಕಿದ್ದರೆ ಸಾಕಿತ್ತಲ್ಲಾ ಅಮ್ಮಾ ಎಂದು ಪೇಚಾಡಿಕೊಂಡರು. ಏಜೆಂಟನಿಗೆ ಇದು ತಿಳಿಯದೆ ಆದದ್ದೆಂದು ನಾನು ಒಪ್ಪುವುದಿಲ್ಲ. ಸೇವೆ ಕೂಡಿಸಿ ತಿಂಗಳ ಪಿಂಚಣಿ ಮಾಡಿಸಿಕೊಟ್ಟರೆ ಆತನಿಗೆ ಸಿಗುವುದು ಕಡಿಮೆ, ಇಡಿಗಂಟು ಬಂದರೆ ತಾನೇ ಮೂರನೇ ಒಂದು ಪಾಲು ಸಿಗುವುದು.

ಆದ್ದರಿಂದ ಹಳೆಯ ಖಾತೆ ಇರುವವರು ಮೊದಲು ದುಡಿದ ಜಾಗಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಸೇವೆಯ ವರ್ಷಗಳನ್ನು ಕೂಡಿಸಿ ನೋಡಿ. ಆರು ತಿಂಗಳು ಮೀರಿದ ಭಾಗವನ್ನು ಒಂದು ವರ್ಷವೆಂದೇ ಹಿಡಿಯುವುದರಿಂದ ಒಂಬತ್ತೂವರೆ ವರ್ಷ ಆಗಿದ್ದವರೂ ಕೈಬಿಡಬೇಡಿ. ಹತ್ತು ವರ್ಷಕ್ಕೆ ಸ್ವಲ್ಪ ಕಡಿಮೆಯಿದ್ದು, ಮುಂದೆ ಮತ್ತೆ ಪಿ.ಎಫ್. ಇರುವ ಕೆಲಸಕ್ಕೆ ಸೇರುವ ಸಾಧ್ಯತೆ ಇದ್ದರೆ ಹಣ ತೆಗೆಯುವ ಬದಲು ಸ್ಕೀಮ್ ಸರ್ಟಿಫಿಕೇಟ್ ಕೇಳಿ, ಅದು ನಿಮ್ಮ ಸೇವೆಯನ್ನು ಕಾಯ್ದಿಡುತ್ತದೆ. ಕಾರ್ಖಾನೆ ಮುಚ್ಚಿಹೋಗಿದೆ, ರುಜು ಹಾಕುವವರಿಲ್ಲ ಎಂಬುದೇ ಏಜೆಂಟರು ಹೆದರಿಸಲು ಬಳಸುವ ಮಾತು. ಮುಚ್ಚಿದ ಸಂಸ್ಥೆಯ ನೌಕರರ ಅರ್ಜಿಯನ್ನು ನಿಮ್ಮ ಖಾತೆಯಿರುವ ಬ್ಯಾಂಕಿನ ಮ್ಯಾನೇಜರರೂ ದೃಢೀಕರಿಸಬಹುದು. ಅರ್ಜಿಗೆ ಶುಲ್ಕವಂತೂ ಇಲ್ಲವೇ ಇಲ್ಲ. ಪ್ರತಿ ತಿಂಗಳ 27ನೇ ತಾರೀಖಿನ ಹೊತ್ತಿಗೆ ಭವಿಷ್ಯ ನಿಧಿ ಸಂಘಟನೆಯವರು ಜಿಲ್ಲೆಗಳಲ್ಲಿ 'ನಿಧಿ ಆಪ್ಕೆ ನಿಕಟ್' ಎಂಬ ಶಿಬಿರ ನಡೆಸುತ್ತಾರೆ, ಅಲ್ಲಿಗೆ ಚೀಟಿಗಳ ಸಮೇತ ಹೋಗಿ ನೇರವಾಗಿ ಕೇಳಬಹುದು. ಮೊಬೈಲಿಗೆ ಬರುವ ಒಟಿಪಿಯನ್ನು ಯಾರಿಗೂ ಹೇಳಬೇಡಿ.

ನಾವು ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟಿದ್ದೇವೆ. ಆತ ಹಣ ಪಡೆದುಕೊಂಡು ಹೋಗುವಾಗ ಅದೇ ಕಾರ್ಖಾನೆಯಲ್ಲಿ ದುಡಿದ ಇತರರ ಹೆಸರು, ಫೋನ್ ನಂಬರ್‌ಗಳನ್ನೂ ಕೇಳಿ ಬರೆದುಕೊಂಡಿದ್ದ. ಅವರಲ್ಲಿ ಕೆಲವರು ಕ್ಯಾತಸಂದ್ರ, ಊರುಕೆರೆ ಕಡೆ ಇದ್ದಾರೆಂದು ಯಜಮಾನರು ಹೇಳುತ್ತಾರೆ. ಹಿರೇಹಳ್ಳಿಯಲ್ಲಿ ಆ ವರ್ಷಗಳಲ್ಲಿ ದುಡಿದವರು ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಇದ್ದರೆ, ಆತ ತಂದ ಅರ್ಜಿಗೆ ರುಜು ಹಾಕುವ ಮೊದಲು ಅವರಿಗೆ ಇದನ್ನು ದಯವಿಟ್ಟು ಓದಿ ಹೇಳಿ.